ಹುಳುಕಡ್ಡಿಯ ಇತಿಹಾಸ ಕಲಿಸುವ ಪಾಠ

ಎಲ್ಲ ಮನೆಗಳಲ್ಲೂ ಪರಿಚಯವಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಒಂದು ಕಾಯಿಲೆಯ ಬಗ್ಗೆ ಈ ಲೇಖನ. ತೊಡೆಯ ಸಂದು, ಸೊಂಟ, ಕಂಕುಳು, ಹೀಗೆ ಬೆವರು ನಿಲ್ಲುವ ಕಡೆಗಳಲ್ಲಿ ಉಂಗುರದ ಆಕಾರದಲ್ಲಿ ಹರಡಿ, ತುರಿಕೆಯಿಂದ ರಾತ್ರಿಯ ನಿದ್ದೆಗೆಡಿಸುವ ಈ ಕಾಯಿಲೆಯನ್ನು ನಾವು ಹುಳುಕಡ್ಡಿ ಎನ್ನುತ್ತೇವೆ. ಕೆಲವು ಕಡೆ ಇದಕ್ಕೆ ಗಜಕರ್ಣ ಎಂಬ ಹೆಸರೂ ಇದೆ.

ಹೆಸರಿನಲ್ಲಿ ಹುಳು ಇದೆ. ಕಾಯಿಲೆಯಲ್ಲಿ ಹುಳು ಇಲ್ಲ. ಈ ತಪ್ಪು ತಿಳಿವಳಿಕೆ ಕನ್ನಡಿಗರದು ಮಾತ್ರವೂ ಅಲ್ಲ. ಇಂಗ್ಲಿಷಿನ 'ರಿಂಗ್‌ವರ್ಮ್' ಎಂಬ ಹೆಸರಿನಲ್ಲೂ ಹುಳುವಿದೆ. ವೈದ್ಯರು ಇಂದಿಗೂ ಬಳಸುವ 'ಟೀನಿಯಾ' ಎಂಬ ಲ್ಯಾಟಿನ್ ಪದಕ್ಕೆ ಬಟ್ಟೆ ತಿನ್ನುವ ಹುಳು ಎಂದೇ ಅರ್ಥ. ಹುಳ ತಿಂದ ಬಟ್ಟೆಯಂತೆ ಚರ್ಮದ ಮೇಲೆ ದುಂಡನೆಯ ಗುರುತು ಕಂಡ ಜನರು ಎಲ್ಲ ದೇಶಗಳಲ್ಲೂ ಒಂದೇ ರೀತಿ ಯೋಚಿಸಿದರು. ನಿಜವಾದ ಕಾರಣ ಶಿಲೀಂಧ್ರ, ಅಂದರೆ ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟಿನ ಜಾತಿಗೆ ಸೇರಿದ ಸೂಕ್ಷ್ಮ ಜೀವಿ. ಈ ಸತ್ಯವನ್ನು ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷ ಹಿಡಿಯಿತು. ತಿಳಿದ ಮೇಲೆ ಮದ್ದು ಸಿಗಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಆ ಮದ್ದನ್ನು ನಾವು ನಮ್ಮ ಕಣ್ಣೆದುರೇ ಕಳೆದುಕೊಳ್ಳುತ್ತಿದ್ದೇವೆ. ಆದ್ದರಿಂದ ಈ ಇತಿಹಾಸವನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಹಳೆಯ ಗ್ರಂಥಗಳಲ್ಲಿ

ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಈ ಕಾಯಿಲೆಗೆ 'ದದ್ರು' ಎಂಬ ಹೆಸರಿದೆ. ನಮ್ಮ 'ದದ್ದು' ಎಂಬ ಮಾತು ಅದರಿಂದಲೇ ಬಂದದ್ದು. ರೋಮಿನ ಸೆಲ್ಸಸ್ ಕ್ರಿ.ಶ. ಒಂದನೇ ಶತಮಾನದಲ್ಲಿ ತಲೆಯ ಮೇಲೆ ಕೀವು ತುಂಬಿ ಕೂದಲು ಉದುರುವ ರೋಗವನ್ನು ವರ್ಣಿಸಿದ್ದಾನೆ. ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಆ ರೋಗದ ಜೊತೆ ಅವನ ಹೆಸರು ಉಳಿದುಕೊಂಡಿದೆ. ಅರಬಿ ವೈದ್ಯಶಾಸ್ತ್ರದಲ್ಲಿ ತಲೆಯ ಚರ್ಮದ ರೋಗಕ್ಕೆ 'ಸಅಫಾ' ಎಂದೂ ಮೈಮೇಲಿನದಕ್ಕೆ 'ಕೂಬಾ' ಎಂದೂ ಹೆಸರುಗಳಿದ್ದವು. 11ನೇ ಶತಮಾನದಲ್ಲಿ ಇಬ್ನ್ ಸೀನಾ ಬರೆದ 'ಅಲ್ ಕಾನೂನ್' ಗ್ರಂಥದಲ್ಲಿ ಈ ಎರಡರ ವಿವರಣೆಯೂ ಇದೆ. ಇಂದಿನ ಅರಬಿ ವೈದ್ಯಕೀಯ ಪುಸ್ತಕಗಳು ಶಿಲೀಂಧ್ರದ ಚರ್ಮರೋಗಕ್ಕೆ 'ಸಅಫಾ' ಎಂದೇ ಬರೆಯುತ್ತವೆ. ನಮ್ಮ ಯುನಾನಿ ಹಕೀಮರು 'ಕೂಬಾ' ಎಂಬ ಪದವನ್ನು ಉಳಿಸಿಕೊಂಡು ಬಂದಿದ್ದಾರೆ.

ಈ ಹಿರಿಯರೆಲ್ಲ ರೋಗವನ್ನು ಚೆನ್ನಾಗಿ ನೋಡಿದ್ದರು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಹೆಸರಿಟ್ಟಿದ್ದರು. ಕಾರಣ ಮಾತ್ರ ಅವರಿಗೆ ಕಾಣುವಂತಿರಲಿಲ್ಲ, ಏಕೆಂದರೆ ಸೂಕ್ಷ್ಮದರ್ಶಕ ಇರಲಿಲ್ಲ. ದೇಹದೊಳಗಿನ ದೋಷಗಳ ಏರುಪೇರೇ ಕಾರಣವೆಂದು ಅವರು ತಿಳಿದರು. ಮದ್ದುಗಳನ್ನು ಅನುಭವದಿಂದ ಹುಡುಕಿದರು. ತಗಚೆ ಗಿಡಕ್ಕೆ ಸಂಸ್ಕೃತದಲ್ಲಿ 'ದದ್ರುಘ್ನ', ಅಂದರೆ ದದ್ದನ್ನು ಕೊಲ್ಲುವುದು, ಎಂಬ ಹೆಸರಿದೆ. ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುವ ಪದ್ಧತಿಯೂ ಇತ್ತು. 19ನೇ ಶತಮಾನದಲ್ಲಿ ನಮ್ಮ ನೆರೆಯ ಗೋವಾದಿಂದ 'ಗೋವಾ ಪುಡಿ' ಎಂಬ ಹಳದಿ ಪುಡಿ ಹುಳುಕಡ್ಡಿಗೆ ರಾಮಬಾಣವೆಂದು ಮಾರಾಟವಾಗುತ್ತಿತ್ತು. ಅದು ಎಲ್ಲಿಂದ ಬರುತ್ತದೆಂಬುದು ಬಹುಕಾಲ ಗುಟ್ಟಾಗಿತ್ತು. 1870ರ ದಶಕದಲ್ಲಿ ಅದು ಪೋರ್ಚುಗೀಸರ ಮೂಲಕ ಬ್ರೆಜಿಲ್‌ನಿಂದ ಬರುವ ಅರರೋಬ ಎಂಬ ಮರದ ಪುಡಿಯೆಂದು ಗೊತ್ತಾಯಿತು. ಅದು ಕೆಲಸ ಮಾಡುತ್ತಿತ್ತು, ಆದರೆ ಚರ್ಮವನ್ನು ಸುಡುತ್ತಿತ್ತು, ಬಟ್ಟೆಗೆ ಕಲೆ ಹಿಡಿಸುತ್ತಿತ್ತು.

ರೇಷ್ಮೆ ಹುಳು ಕಲಿಸಿದ ಪಾಠ

ಶಿಲೀಂಧ್ರದಿಂದ ರೋಗ ಬರುತ್ತದೆಂಬ ಸತ್ಯ ಮೊದಲು ಬೆಳಕಿಗೆ ಬಂದದ್ದು ಮನುಷ್ಯನ ಚಿಕಿತ್ಸೆಯಿಂದಲ್ಲ, ರೇಷ್ಮೆ ಹುಳುವಿನಿಂದ. ಇಟಲಿಯ ಲೋಡಿ ಎಂಬ ಊರಿನ ಬಳಿ ಅಗೊಸ್ಟಿನೊ ಬಾಸ್ಸಿ ಎಂಬವರಿದ್ದರು. ಕಾನೂನು ಓದಿದವರು, ಕಣ್ಣಿನ ತೊಂದರೆಯಿಂದಾಗಿ ಸರಕಾರಿ ಕೆಲಸ ಬಿಟ್ಟು ಬೇಸಾಯಕ್ಕೆ ಮರಳಿದವರು. ಆಗ ಇಟಲಿ ಮತ್ತು ಫ್ರಾನ್ಸಿನ ರೇಷ್ಮೆ ಕೃಷಿಕರನ್ನು ಒಂದು ರೋಗ ದಿವಾಳಿ ಎಬ್ಬಿಸುತ್ತಿತ್ತು. ಹುಳುಗಳು ಸತ್ತು ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಮುಚ್ಚಿಕೊಳ್ಳುತ್ತಿತ್ತು. ಬಾಸ್ಸಿ ಸುಮಾರು 25 ವರ್ಷ ಇದರ ಬೆನ್ನುಹತ್ತಿದರು. ಆ ಬಿಳಿ ಪುಡಿ ಜೀವಂತ ಶಿಲೀಂಧ್ರವೆಂದೂ ಸತ್ತ ಹುಳುವಿನಿಂದ ಆರೋಗ್ಯವಂತ ಹುಳುವಿಗೆ ಅದು ಹರಡುತ್ತದೆಂದೂ 1835ರಲ್ಲಿ ಪ್ರಕಟಿಸಿದರು. ಸತ್ತ ಹುಳುಗಳನ್ನು ನಾಶಮಾಡಿ, ಉಪಕರಣಗಳನ್ನು ಶುದ್ಧಗೊಳಿಸಿ, ರೋಗದ ಹುಳುಗಳನ್ನು ಬೇರ್ಪಡಿಸಿ ಎಂದು ಕೃಷಿಕರಿಗೆ ಹೇಳಿದರು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆಂಬ ವಾದಕ್ಕೆ ಹೆಸರಾದ ಲೂಯಿ ಪಾಶ್ಚರ್ ಆಗ 12 ವರ್ಷದ ಬಾಲಕ.

ಈ ರೋಗ ಕರ್ನಾಟಕಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಗೆ ತಂದ ರೇಷ್ಮೆ ಕೃಷಿ ಇಂದು ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಸಾವಿರಾರು ಕುಟುಂಬಗಳ ಅನ್ನದ ದಾರಿಯಾಗಿದೆ. ಹುಳು ಸಾಕುವವರಲ್ಲಿ, ನೂಲು ಬಿಚ್ಚುವವರಲ್ಲಿ ನಮ್ಮ ಓದುಗರ ಬಂಧುಗಳೂ ಇದ್ದಾರೆ. ಅವರನ್ನು ಕೇಳಿ ನೋಡಿ, 'ಸುಣ್ಣಕಟ್ಟು ರೋಗ' ಎಂದರೆ ಥಟ್ಟನೆ ಗೊತ್ತಾಗುತ್ತದೆ. ಬಾಸ್ಸಿ ಕಂಡದ್ದು ಅದೇ ರೋಗ. ಸಾಕಣೆ ಮನೆಯನ್ನು ಸೋಂಕುರಹಿತ ಮಾಡದೆ ಹೊಸ ಮರಿಗಳನ್ನು ತರಬಾರದೆಂಬುದು ಪ್ರತಿಯೊಬ್ಬ ರೇಷ್ಮೆ ರೈತನಿಗೂ ತಿಳಿದ ನಿಯಮ. ತನ್ನ ಹುಳುಗಳ ಬಗ್ಗೆ ಇಷ್ಟು ಎಚ್ಚರ ವಹಿಸುವ ರೈತನ ಮನೆಯಲ್ಲೇ ಮಕ್ಕಳೆಲ್ಲ ಒಂದೇ ಟವೆಲಿನಿಂದ ಮೈ ಒರೆಸಿಕೊಳ್ಳುವುದನ್ನು ನಾವು ಕಾಣುತ್ತೇವೆ.

ಮನುಷ್ಯನ ಚರ್ಮದಲ್ಲಿ ಅದೇ ಬೂಷ್ಟು

ಬಾಸ್ಸಿಯ ನಂತರ ಕೆಲವೇ ವರ್ಷಗಳಲ್ಲಿ ವೈದ್ಯರ ಗಮನ ಮನುಷ್ಯನ ಕಡೆ ಹೊರಳಿತು. ಬರ್ಲಿನ್ನಿನಲ್ಲಿ ರಾಬರ್ಟ್ ರೆಮಾಕ್ ಎಂಬ ಯುವಕ, ತಲೆಯಲ್ಲಿ ಹಳದಿ ಹೊಪ್ಪಳೆ ಕಟ್ಟುವ ಫೇವಸ್ ಎಂಬ ರೋಗದಲ್ಲಿ ನೂಲಿನಂಥ ಎಳೆಗಳನ್ನು ಕಂಡರು. ಷೋನ್‌ಲೈನ್ 1839ರಲ್ಲಿ ಅದು ಶಿಲೀಂಧ್ರವೆಂದು ಪ್ರಕಟಿಸಿದರು. ರೆಮಾಕ್ ಆ ಹೊಪ್ಪಳೆಯನ್ನು ತಮ್ಮದೇ ತೋಳಿಗೆ ಕಟ್ಟಿಕೊಂಡು ಸೋಂಕು ತಗಲಿಸಿಕೊಂಡು ಅದು ಅಂಟುವ ರೋಗವೆಂದು ತೋರಿಸಿದರು. ಪ್ಯಾರಿಸ್ಸಿನಲ್ಲಿ ಹಂಗೇರಿ ಮೂಲದ ಡೇವಿಡ್ ಗ್ರೂಬಿ 1841ರಿಂದ 1844ರ ನಡುವೆ ತಲೆಯ ಹುಳುಕಡ್ಡಿ ಮತ್ತು ಶಿಶುಗಳ ಬಾಯಿಯ ಅಗ್ರ, ಇವುಗಳ ಶಿಲೀಂಧ್ರಗಳನ್ನು ಒಂದೊಂದಾಗಿ ವಿವರಿಸಿದರು. ಇವರಿಬ್ಬರೂ ಯಹೂದಿಗಳು. ಆ ಕಾರಣಕ್ಕಾಗಿಯೇ ರೆಮಾಕರಿಗೆ ವಿಶ್ವವಿದ್ಯಾನಿಲಯದಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ಗ್ರೂಬಿಯವರ ಕೆಲಸವನ್ನು ಐವತ್ತು ವರ್ಷ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸಬುರೋ ಎಂಬ ವೈದ್ಯರು ಅದನ್ನು ಮತ್ತೆ ಪರೀಕ್ಷಿಸಿ ಸರಿಯೆಂದು ಸಾಧಿಸಿದರು. ಶಿಲೀಂಧ್ರವನ್ನು ಬೆಳೆಸಲು ಅವರು ರೂಪಿಸಿದ ಆಹಾರ ಮಾಧ್ಯಮವನ್ನು ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಶಾಲೆಯಿಂದ ಹೊರಗಾದ ಮಕ್ಕಳು

ರೋಗದ ಕಾರಣ ತಿಳಿದರೂ ಮದ್ದು ಇರಲಿಲ್ಲ. ತಲೆಯ ಹುಳುಕಡ್ಡಿಯ ಶಿಲೀಂಧ್ರ ಕೂದಲಿನ ಬುಡಕ್ಕೆ ಇಳಿಯುವುದರಿಂದ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ಪ್ಯಾರಿಸ್, ಲಂಡನ್ ನಗರಗಳಲ್ಲಿ ಈ ರೋಗವಿದ್ದ ಮಕ್ಕಳನ್ನು ಶಾಲೆಗೆ ಸೇರಿಸುತ್ತಿರಲಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅವರ ಓದು ನಿಲ್ಲುತ್ತಿತ್ತು. ಕೊನೆಗೆ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಆವರಣದಲ್ಲಿಯೇ ಇಂಥ ಮಕ್ಕಳಿಗಾಗಿ ಶಾಲೆ ತೆರೆಯಲಾಯಿತು. ಲಂಡನ್ನಿನಲ್ಲೂ ಹುಳುಕಡ್ಡಿಯ ಮಕ್ಕಳಿಗೆಂದೇ ಪ್ರತ್ಯೇಕ ಶಾಲೆಗಳಿದ್ದವು. ಬಡವರ ಮಕ್ಕಳೇ ಅಲ್ಲಿ ಹೆಚ್ಚು. ಒಂದು ಸಣ್ಣ ಚರ್ಮರೋಗ ಒಂದು ಮಗುವಿನ ವಿದ್ಯೆಯನ್ನು ಕಸಿದುಕೊಳ್ಳಬಲ್ಲದು ಎಂಬುದನ್ನು ವಿದ್ಯಾಭಿಮಾನಿಗಳಾದ ನಾವು ಮರೆಯಬಾರದು.

1904ರಲ್ಲಿ ಸಬುರೋ ಕ್ಷ-ಕಿರಣದ ಚಿಕಿತ್ಸೆ ತಂದರು. ಕಿರಣ ತಗುಲಿದ ತಲೆಯ ಕೂದಲೆಲ್ಲ ಉದುರಿ, ಅದರ ಜೊತೆ ಶಿಲೀಂಧ್ರವೂ ಹೋಗಿ, ಕೆಲವು ತಿಂಗಳಲ್ಲಿ ಹೊಸ ಕೂದಲು ಬರುತ್ತಿತ್ತು. ಮಕ್ಕಳು ಬೇಗನೆ ಶಾಲೆಗೆ ಮರಳಿದರು. ಎಲ್ಲರೂ ಸಂತೋಷಪಟ್ಟರು, ಅರ್ಧ ಶತಮಾನ ಈ ಚಿಕಿತ್ಸೆ ಜಗತ್ತಿನಾದ್ಯಂತ ನಡೆಯಿತು. ಅದರ ಬೆಲೆ ಏನೆಂಬುದು ತಡವಾಗಿ ಗೊತ್ತಾಯಿತು. ಇಸ್ರೇಲಿನಲ್ಲಿ 1948ರಿಂದ 1960ರವರೆಗೆ ಈ ಚಿಕಿತ್ಸೆ ಪಡೆದ ಸಾವಿರಾರು ಮಕ್ಕಳಲ್ಲಿ ಬಹುಪಾಲು ಉತ್ತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಿಂದ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು. ದೊಡ್ಡವರಾದ ಮೇಲೆ ಅವರಲ್ಲಿ ಮೆದುಳಿನ ಹೊದಿಕೆಯ ಗೆಡ್ಡೆಗಳೂ ಥೈರಾಯ್ಡ್ ಕ್ಯಾನ್ಸರೂ ಇತರರಿಗಿಂತ ಹೆಚ್ಚಾಗಿರುವುದನ್ನು 1974ರಲ್ಲಿ ಸಂಶೋಧಕರು ಪ್ರಕಟಿಸಿದರು. 1994ರಲ್ಲಿ ಅಲ್ಲಿ ಪರಿಹಾರದ ಕಾನೂನು ಬಂತು. ಬೇಗ ಗುಣ ಕಾಣಿಸುವ ಚಿಕಿತ್ಸೆಯೆಲ್ಲ ಒಳ್ಳೆಯ ಚಿಕಿತ್ಸೆಯಲ್ಲ ಎಂಬುದು ಇಲ್ಲಿಯ ಪಾಠ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ದೇಶದ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಮಣ್ಣಿನಲ್ಲಿ ಸಿಕ್ಕ ಮದ್ದು

ಕೊನೆಗೂ ಮದ್ದು ಸಿಕ್ಕಿದ್ದು ಶಿಲೀಂಧ್ರಗಳ ಲೋಕದಿಂದಲೇ. 1939ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಗ್ರೀಸಿಯೊಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಮೊದಲು ಅದನ್ನು ಗಿಡಗಳ ರೋಗಕ್ಕೆ ಬಳಸಲು ನೋಡಿದರು. 1958ರಲ್ಲಿ ಗ್ಲಾಸ್ಗೋದ ಜೆಂಟಲ್ಸ್ ಎಂಬ ಸಂಶೋಧಕರು ಅದನ್ನು ಹುಳುಕಡ್ಡಿ ಬಂದ ಗಿನಿಯಿಲಿಗಳಿಗೆ ತಿನ್ನಿಸಿದಾಗ ಅವು ಗುಣವಾದವು. ಅದೇ ವರ್ಷ ಮನುಷ್ಯರಿಗೂ ಕೊಡಲಾಯಿತು. ನುಂಗಿದ ಮಾತ್ರೆ ರಕ್ತದ ಮೂಲಕ ಹೊಸದಾಗಿ ಬೆಳೆಯುವ ಕೂದಲು, ಚರ್ಮ, ಉಗುರುಗಳೊಳಗೆ ಸೇರಿ ಶಿಲೀಂಧ್ರವನ್ನು ತಡೆಯುತ್ತದೆ. ಸೋಂಕಿಲ್ಲದ ಹೊಸ ಚರ್ಮ ಬೆಳೆದು ಹಳೆಯದು ಉದುರುವವರೆಗೂ ಮದ್ದು ನಡೆಯಬೇಕು. ವಾರಗಟ್ಟಲೆ ಮಾತ್ರೆ ನುಂಗಬೇಕೆಂದು ವೈದ್ಯರು ಹೇಳುವುದರ ಕಾರಣ ಇದೇ. ಕ್ಷ-ಕಿರಣದ ಕಾಲ ಅಲ್ಲಿಗೆ ಮುಗಿಯಿತು.

ಇದೇ ಕಾಲದ ಇನ್ನೊಂದು ಕಥೆಯನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಓದಬೇಕು. ಎಲಿಜಬೆತ್ ಹೇಜನ್ ಅಮೆರಿಕದ ಮಿಸಿಸಿಪಿಯಲ್ಲಿ ಹುಟ್ಟಿ, ತೀರಾ ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ರೇಚಲ್ ಬ್ರೌನ್ ಅವರ ತಂದೆ ಕುಟುಂಬವನ್ನು ಬಿಟ್ಟುಹೋಗಿದ್ದರು. ಅಜ್ಜಿಯ ಅನುಕೂಲಸ್ಥ ಗೆಳತಿಯೊಬ್ಬರು ಹಣ ಕೊಟ್ಟದ್ದರಿಂದ ಅವರು ಕಾಲೇಜು ಓದಿದರು. ಇವರಿಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕಿದ್ದರು. ಹೇಜನ್ ಇದ್ದದ್ದು ನ್ಯೂಯಾರ್ಕ್ ನಗರದಲ್ಲಿ, ಬ್ರೌನ್ ಇದ್ದದ್ದು ದೂರದ ಆಲ್ಬನಿಯಲ್ಲಿ. ಹೇಜನ್ ಮಣ್ಣಿನ ಮಾದರಿಗಳಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ ಅಂಚೆಯಲ್ಲಿ ಕಳುಹಿಸುವರು. ಬ್ರೌನ್ ಅವುಗಳಿಂದ ರಾಸಾಯನಿಕಗಳನ್ನು ಬೇರ್ಪಡಿಸಿ ಅಂಚೆಯಲ್ಲೇ ಹಿಂದೆ ಕಳುಹಿಸುವರು. ವರ್ಜೀನಿಯಾದ ಒಂದು ಹೈನುಗಾರಿಕೆಯ ಜಮೀನಿನ ಮಣ್ಣಿನಿಂದ ಅವರಿಗೆ ಬೇಕಾದದ್ದು ಸಿಕ್ಕಿತು. 1950ರಲ್ಲಿ ಪ್ರಕಟವಾದ ಆ ಔಷಧಿಗೆ ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ 'ನಿಸ್ಟಾಟಿನ್' ಎಂದು ಹೆಸರಿಟ್ಟರು. ಹುಳುಕಡ್ಡಿಗೆ ಅದು ನಡೆಯದು. ಬಾಯಿ ಮತ್ತು ಗುಪ್ತಾಂಗಗಳಲ್ಲಿ ಬರುವ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿಗೆ ಅದು ಇಂದಿಗೂ ಬಳಕೆಯಲ್ಲಿದೆ.

ಆ ಔಷಧಿಯಿಂದ ಬಂದ ಗೌರವಧನ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚು. ಇಬ್ಬರೂ ತಮಗಾಗಿ ಅದರಲ್ಲಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ವಿಜ್ಞಾನದ ಸಂಶೋಧನೆಗೂ ಶಿಕ್ಷಣಕ್ಕೂ ಬಿಟ್ಟುಕೊಟ್ಟರು. ಒಬ್ಬ ಹಿರಿಯರು ಒಬ್ಬ ಹುಡುಗಿಯ ಓದಿಗೆ ನೆರವಾದದ್ದು ಎಲ್ಲಿಗೆ ತಲುಪಿತೆಂಬುದನ್ನು ವಿದ್ಯಾರ್ಥಿವೇತನ ಕೊಡುವವರೂ ಪಡೆಯುವವರೂ ಯೋಚಿಸಬೇಕು.

ನಮ್ಮ ಕಾಲದ ತಪ್ಪು

ಮುಂದೆ ಕ್ಲೋಟ್ರಿಮಜೋಲ್, ಫ್ಲುಕೊನಜೋಲ್, ಇಟ್ರಕೊನಜೋಲ್, ಟರ್ಬಿನಫಿನ್ ಮುಂತಾದ ಔಷಧಿಗಳು ಬಂದವು. 1990ರ ದಶಕದ ಹೊತ್ತಿಗೆ ಹುಳುಕಡ್ಡಿ ಎರಡು ಮೂರು ವಾರದಲ್ಲಿ ವಾಸಿಯಾಗುವ ಸುಲಭದ ಕಾಯಿಲೆಯಾಗಿತ್ತು. ಆದರೆ 2010ರ ನಂತರ ಭಾರತದ ಚರ್ಮವೈದ್ಯರು ಬೇರೆಯದೇ ಚಿತ್ರ ಕಾಣತೊಡಗಿದರು. ಮೈತುಂಬ ಹರಡಿದ, ಇಡೀ ಕುಟುಂಬಕ್ಕೆ ತಗಲಿದ, ತಿಂಗಳುಗಟ್ಟಲೆ ಮದ್ದು ಮಾಡಿದರೂ ಮರುಕಳಿಸುವ ಹುಳುಕಡ್ಡಿ ಎಲ್ಲ ರಾಜ್ಯಗಳಲ್ಲೂ ಕಾಣಿಸಿತು.

ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ನಾವು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ಹಚ್ಚುವ ಮಿಶ್ರಣದ ಕ್ರೀಮುಗಳು. ಅವುಗಳಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಬಲವಾದ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಹಚ್ಚಿದೊಡನೆ ತುರಿಕೆ ನಿಲ್ಲುತ್ತದೆ, ಕೆಂಪು ಮಾಯುತ್ತದೆ, ಗುಣವಾಯಿತೆಂದು ನಾವು ನಂಬುತ್ತೇವೆ. ನಡೆಯುವುದು ಬೇರೆ. ತುರಿಕೆ ಮತ್ತು ಕೆಂಪು ಎಂದರೆ ಶಿಲೀಂಧ್ರದ ವಿರುದ್ಧ ನಮ್ಮ ದೇಹ ಹೋರಾಡುತ್ತಿರುವುದರ ಲಕ್ಷಣ. ಸ್ಟಿರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಕಾವಲುಗಾರ ಮಲಗಿದ ಮನೆಯಲ್ಲಿ ಕಳ್ಳನಿಗೆ ಎದುರಿಲ್ಲ. ಉಂಗುರದ ಗುರುತು ಅಳಿಸಿಹೋಗಿ ವೈದ್ಯರಿಗೂ ಗುರುತಿಸಲು ಕಷ್ಟವಾಗುತ್ತದೆ. ಬ್ರಿಟನ್ನಿನ ವೈದ್ಯರು 1968ರಲ್ಲೇ ಇದನ್ನು ಗಮನಿಸಿ 'ವೇಷ ಮರೆಸಿಕೊಂಡ ಹುಳುಕಡ್ಡಿ' ಎಂಬ ಅರ್ಥದ ಹೆಸರಿಟ್ಟಿದ್ದರು. ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕಿನಂಥ ಗೆರೆಗಳು ಮೂಡುತ್ತವೆ, ಅವು ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೆ ನಿಯಮ ಕಾಗದದಲ್ಲಿದ್ದು ನಾವು ಅಂಗಡಿಯಲ್ಲಿ ಕೈಚಾಚಿದರೆ ಪ್ರಯೋಜನವೇನು?

2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದ ರೋಗಿಗಳಿಂದ ಪಡೆದ ಒಂದು ಶಿಲೀಂಧ್ರಕ್ಕೆ 'ಟ್ರೈಕೊಫೈಟಾನ್ ಇಂಡೊಟಿನಿಯೆ' ಎಂದು ಹೆಸರಿಟ್ಟರು. ಅದು ಬಹಳಷ್ಟು ಸಲ ಟರ್ಬಿನಫಿನ್‌ಗೆ ಬಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಅದು ಪತ್ತೆಯಾಯಿತು. ನಮ್ಮ ದೇಶದ ಹೆಸರು ಒಂದು ರೋಗಾಣುವಿನ ಜೊತೆ ಸೇರಿಕೊಂಡದ್ದು ಸಂತೋಷದ ವಿಷಯವಲ್ಲ.

2021ರಲ್ಲಿ ಕೊರೋನಾದ ಎರಡನೇ ಅಲೆಯ ವೇಳೆ ನಾವು ಕಂಡ ಕಪ್ಪು ಶಿಲೀಂಧ್ರವನ್ನೂ ಇಲ್ಲಿ ನೆನೆಯಬೇಕು. ಅದು ಹುಳುಕಡ್ಡಿಗಿಂತ ಬೇರೆ ಜಾತಿಯದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರ ಬೀಜಕಣಗಳು ಮಣ್ಣಿನಲ್ಲೂ ಗಾಳಿಯಲ್ಲೂ ಯಾವಾಗಲೂ ಇವೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಮಿತಿಮೀರಿ ಸ್ಟಿರಾಯ್ಡ್ ಪಡೆದವರಲ್ಲಿ ಅದು ಮೂಗಿನಿಂದ ಕಣ್ಣಿಗೆ, ಮೆದುಳಿಗೆ ಏರಿತು. ಆ ವರ್ಷದ ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನರಿಗೆ ಅದು ತಗಲಿ, 4,000ಕ್ಕೂ ಹೆಚ್ಚು ಜನ ತೀರಿಕೊಂಡರೆಂದು ಸರಕಾರ ಸಂಸತ್ತಿಗೆ ತಿಳಿಸಿತು. ಆಂಫೊಟೆರಿಸಿನ್ ಎಂಬ ಚುಚ್ಚುಮದ್ದಿಗಾಗಿ ಕುಟುಂಬಗಳು ಊರೂರು ಅಲೆದವು. 1950ರ ದಶಕದಲ್ಲಿ ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಿಂದ ದೊರೆತ ಔಷಧಿ ಅದು. ಪ್ರಾಣ ಉಳಿಸುವ ಸ್ಟಿರಾಯ್ಡ್ ಕೂಡ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನೀವು ಮಾಡಬೇಕಾದದ್ದು

ಇಷ್ಟನ್ನೂ ಓದಿದ ನಂತರ ಕೆಲವು ವಿಷಯಗಳನ್ನು ರೂಢಿಗೆ ತನ್ನಿ. ಉಂಗುರದಂಥ ತುರಿಕೆ ಕಂಡರೆ ನಾಚದೆ ಮನೆಯ ಹಿರಿಯರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿಂದ ಅನುಮಾನ ಪರಿಹಾರವಾಗುತ್ತದೆ. ಗೆಳೆಯನಿಗೆ ವಾಸಿಯಾದ ಟ್ಯೂಬನ್ನು ನೀವು ಹಚ್ಚಿಕೊಳ್ಳಬೇಡಿ. ತುರಿಕೆ ನಿಂತಿತೆಂದು ಮದ್ದು ನಿಲ್ಲಿಸಬೇಡಿ, ವೈದ್ಯರು ಹೇಳಿದ ಅವಧಿ ಪೂರೈಸಿ. ಮನೆಯಲ್ಲಿ ಎಷ್ಟು ಜನರಿಗಿದೆಯೋ ಅಷ್ಟೂ ಜನ ಒಟ್ಟಿಗೆ ಚಿಕಿತ್ಸೆ ಪಡೆಯಿರಿ, ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಅದು ಸುತ್ತುತ್ತಲೇ ಇರುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಹಾಸ್ಟೆಲುಗಳಲ್ಲಿರುವ ವಿದ್ಯಾರ್ಥಿಗಳು ಟವೆಲು, ಲುಂಗಿ, ಒಳಉಡುಪು, ಟೋಪಿ, ಬಾಚಣಿಗೆಗಳನ್ನು ಹಂಚಿಕೊಳ್ಳಬಾರದು. ಬೆವರಿನ ಬಟ್ಟೆಯನ್ನು ಮಡಚಿಟ್ಟು ಮರುದಿನ ತೊಡಬೇಡಿ. ರೋಗವಿದ್ದವರ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಒಣಗಿದ ಮೇಲೆ ಇಸ್ತ್ರಿ ಮಾಡಿ. ಬಿಗಿಯಾದ ಜೀನ್ಸಿಗಿಂತ ಸಡಿಲವಾದ ಹತ್ತಿಯ ಬಟ್ಟೆ ಉತ್ತಮ. ಸ್ನಾನದ ನಂತರ, ವುಝೂ ಮಾಡಿದ ನಂತರ ಕಾಲ್ಬೆರಳುಗಳ ಸಂದನ್ನು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಕಾಲಿಗೆ ಸಾಕ್ಸ್ ಹಾಕಬೇಡಿ.

ಇನ್ನೊಂದು ಮಾತು. ಬ್ರಿಟಿಷರು ಭಾರತದಲ್ಲಿ ತೊಡೆಸಂದಿನ ಹುಳುಕಡ್ಡಿಗೆ 'ಧೋಬಿ ಇಚ್' ಎಂಬ ಹೆಸರಿಟ್ಟು ಬಟ್ಟೆ ಒಗೆಯುವವನ ಮೇಲೆ ತಪ್ಪು ಹೊರಿಸಿದರು. ಯುರೋಪಿನಲ್ಲಿ ಬಡವರ ಮಕ್ಕಳನ್ನೂ ವಲಸಿಗರನ್ನೂ ದೂರಿದರು. ಈ ಶಿಲೀಂಧ್ರಕ್ಕೆ ಜಾತಿ, ಮತ, ಶ್ರೀಮಂತ, ಬಡವ ಎಂಬ ಭೇದವಿಲ್ಲ. ನಾಚಿಕೆಯಿಂದ ಮುಚ್ಚಿಟ್ಟ ರೋಗವೇ ಹೆಚ್ಚು ಹರಡುತ್ತದೆ. ನಿಮ್ಮ ತರಗತಿಯಲ್ಲಿ, ಹಾಸ್ಟೆಲಿನಲ್ಲಿ ಯಾರಿಗಾದರೂ ಇದು ಬಂದಿದ್ದರೆ ಅವರನ್ನು ಗೇಲಿ ಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಬಾಸ್ಸಿಯಿಂದ ಬ್ರೌನ್‌ವರೆಗೆ ಅನೇಕರು ತಾಳ್ಮೆಯಿಂದ ದುಡಿದು ನಮಗೆ ಒಪ್ಪಿಸಿದ ಈ ಔಷಧಿಗಳು ಮುಂದಿನ ಪೀಳಿಗೆಗೂ ಉಪಯೋಗಕ್ಕೆ ಬರಬೇಕಾದರೆ ಅವನ್ನು ಸರಿಯಾಗಿ ಬಳಸುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.